ಸಮುದ್ರದ ಸುದ್ದಿ ಒದರುತ್ತಿದ್ದ ಮಾಸ್ತರರು

ಅವರು ತೀರಿಕೊಂಡ ಸುದ್ದಿಯನ್ನೂ ನಮ್ಮ ಯಾರ್ಡಿನಲ್ಲಿ ಮೊದಲಿಗೆ ಯಾರೂ ನಂಬಲಿಲ್ಲ. ಗದಗಿನ ಮಾರ್ಕೆಟ್ ಯಾರ್ಡಿನ ಚಹಾದಂಗಡಿಗೆ ಆ ಸುದ್ದಿ ಬಂದದ್ದು ಹೋದ ತಿಂಗಳು, ಒಂದು ಮುಂಜಾನೆ, ಟೆಂಡರ್ ಶುರುವಾಗುವ ಮುಂಚೆ. "ಭೂಗೋಳದ ಮಾಸ್ತರ ಹೋದ್ರಂತ" ಎಂದು ಹಮಾಲನೊಬ್ಬ ಹೇಳಿದ. ಕೇಳಿದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಎದುರಂಗಡಿಯ ಸಾವಕಾರರು ಕಪ್ಪು ಕೆಳಗಿಡದೆ, "ಯಾರು ಹೇಳಿದ್ರು? ಯಾಕ ಹೇಳಿದ್ರು?" ಎಂದು ಕೇಳಿದರು. ಸಾವಿನ ಸುದ್ದಿಗೆ 'ಯಾಕೆ ಹೇಳಿದರು' ಎಂದು ಕೇಳುವ ಜನ ಬೇರೆ ಎಲ್ಲಿಯಾದರೂ ಇದ್ದರೆ ನಾನು ಹೋಗಿ ನೋಡಿಬರಲು ತಯಾರಿದ್ದೇನೆ. ಬೆಟಗೇರಿಯ ಅವರ ಓಣಿಗೆ ಫೋನ್ ಹಚ್ಚಿ ಖಾತ್ರಿ ಮಾಡಿಕೊಂಡ ಮೇಲೆಯೇ ಎಲ್ಲರೂ ಟೋಪಿ ತೆಗೆದದ್ದು.

ನಾನು ಈ ಯಾರ್ಡಿನಲ್ಲಿ ಅಡತಿ ಅಂಗಡಿ ಇಟ್ಟವನು. ರೈತರು ತಂದ ಕಾಳುಕಡಿ ಮಾರಿಸಿಕೊಡುವುದು, ಒಮ್ಮೊಮ್ಮೆ ನಾನೇ ಕೊಂಡು ಗೋದಾಮಿನಲ್ಲಿ ಇಡುವುದು ನನ್ನ ಕಸುಬು. ಈ ಕಸುಬಿಗೆ ಸಂಶಯವೇ ಬಂಡವಾಳ. ಚೀಲದ ಮೇಲಿನ ಕಾಳು ನೋಡಿ ಕೆಳಗಿನ ಕಾಳು ನಂಬಿದವನು ಒಂದೇ ಹಂಗಾಮಿನಲ್ಲಿ ಮನೆಗೆ ಹೋಗುತ್ತಾನೆ. ಅದಕ್ಕೇ ನಾವು ಚೀಲದ ಹೊಟ್ಟೆಗೆ ಚುಚ್ಚಿ ನಡುವಿನ ಕಾಳು ಹೊರಗೆಳೆದು ನೋಡುತ್ತೇವೆ. ಮನುಷ್ಯರನ್ನೂ ಹಾಗೆಯೇ ನೋಡಿ ರೂಢಿಯಾಗಿದೆ. ಆಕಳು ಈಯಿತು ಅಂದರೆ ಕರು ತೋರಿಸು ಎನ್ನುವವರು ನಾವು. 'ತಾನು ಕಳ್ಳ, ಪರರ ನಂಬ' ಎಂಬ ಗಾದೆಯನ್ನು ನಮ್ಮನ್ನು ನೋಡಿಯೇ ಮಾಡಿದ್ದಾರೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ನಾನು ಅದಕ್ಕೆ ಎದುರು ಮಾತಾಡಿಲ್ಲ.

ಮಾಸ್ತರರು ನನಗೆ ಗೊತ್ತಾದದ್ದು ಯಾರ್ಡಿಗಿಂತ ಬಹಳ ಹಿಂದೆ, ಶಿರಹಟ್ಟಿಯ ಹೈಸ್ಕೂಲಿನಲ್ಲಿ. ಬೆಟಗೇರಿಯ ನೇಕಾರರ ಮನೆತನದವರು ಅವರು. ಮೊದಲು ಲಕ್ಷ್ಮೇಶ್ವರದಲ್ಲಿದ್ದು ಆಮೇಲೆ ನಮ್ಮ ಶಾಲೆಗೆ ವರ್ಗವಾಗಿ ಬಂದಿದ್ದರು. ಸಣ್ಣ ಆಳು, ದೊಡ್ಡ ಧ್ವನಿ. ಭಾರತದ ನಕ್ಷೆ ತೂಗುಹಾಕಿದರೆ ಎಲ್ಲ ಮಾಸ್ತರರೂ ದೇಶವನ್ನು ತೋರಿಸುತ್ತಿದ್ದರು. ಇವರು ಬೆತ್ತ ಹಿಡಿದು ಕೆಳಗಿನ ನೀಲಿಯನ್ನೇ ತೋರಿಸುತ್ತಿದ್ದರು. "ಇದು ಖಾಲಿ ಜಾಗಾ ಅಲ್ಲರೋ, ಮುದ್ರಣದವ್ರು ಬಣ್ಣಾ ಉಳದೈತಿ ಅಂತ ಬಳದಿದ್ದಲ್ಲ. ಗದಗ ಜಿಲ್ಲಾದ ಯಜಮಾನ ಇಲ್ಲಿ ಕುಂತಾನ" ಎನ್ನುತ್ತಿದ್ದರು.

ಹಿಂದೂ ಮಹಾಸಾಗರದ ಪಾಠಕ್ಕೆ ಅವರದೇ ಒಂದು ಪದ್ಧತಿ ಇತ್ತು. ತರಗತಿಯ ದಕ್ಷಿಣದ ಕಿಟಕಿಗಳನ್ನೆಲ್ಲ ತೆಗೆಸಿ, ಉತ್ತರದ ಬಾಗಿಲು ಮುಚ್ಚಿಸಿಬಿಡುತ್ತಿದ್ದರು. ಉಳಿದ ದೊಡ್ಡ ಸಾಗರಗಳು ಉತ್ತರಕ್ಕೂ ದಕ್ಷಿಣಕ್ಕೂ ತೆರೆದ ಮನೆ ಇದ್ದಂತೆ; ಇದೊಂದರ ನೆತ್ತಿಗೆ ಮಾತ್ರ ಏಷ್ಯಾ ಖಂಡ ಬಾಗಿಲು ಹಾಕಿದೆ. ಬೇಸಿಗೆಯಲ್ಲಿ ಆ ನೆಲ ಕಾಯುತ್ತದೆ, ಗಾಳಿ ನೀರಿನಿಂದ ನೆಲಕ್ಕೆ ನುಗ್ಗುತ್ತದೆ. ಚಳಿಗಾಲದಲ್ಲಿ ನೆಲ ತಣಿಯುತ್ತದೆ, ಗಾಳಿ ತಿರುಗಿ ನೀರಿಗೆ ಹೋಗುತ್ತದೆ. "ಮಗ್ಗದಾಗ ಲಾಳಿ ನೋಡೀರಿಲ್ಲೋ? ಆ ಕಡಿಂದ ಈ ಕಡಿ, ಈ ಕಡಿಂದ ಆ ಕಡಿ. ಹಂಗ ಈ ಗಾಳಿ. ಹಿಂದಿನ ವ್ಯಾಪಾರಸ್ಥರು ಒಂದು ಗಾಳಿಲೆ ಆಫ್ರಿಕಾಕ್ಕ ಹೋಗಿ ಇನ್ನೊಂದು ಗಾಳಿಲೆ ಮನಿಗೆ ಬರತಿದ್ರು. ಬಾಡಿಗಿ ಇಲ್ಲ, ಎಣ್ಣಿ ಇಲ್ಲ!" ಎಂದು ಮೇಜು ಗುದ್ದುತ್ತಿದ್ದರು. ಬಾಗಿಲು ಮುಚ್ಚಿದ ಕೋಣೆಯಲ್ಲಿ ನಾವು ಬೆವರುತ್ತ ಬರೆದುಕೊಳ್ಳುತ್ತಿದ್ದೆವು.

ನನಗೆ ಆಗಲೇ ಸಂಶಯ. ಒಂದು ದಿನ ಎದ್ದು ನಿಂತು, "ಸರ್, ನೀವು ಸಮುದ್ರ ನೋಡೀರೇನ್ರಿ?" ಎಂದೆ. ಅವರು ಸಿಟ್ಟಾಗಲಿಲ್ಲ. "ನೋಡೀನಿ, ಕಾರವಾರದಾಗ, ಅರ್ಧಾ ದಿನ. ಆದ್ರ ನೋಡಿದ್ದು ಬರೇ ದಂಡಿ, ನೀರಿನ ಅಂಚು. ಸೀರಿ ಅಂಚು ಮುಟ್ಟಿ ಸೀರಿ ಉಟ್ಟೆ ಅಂದ್ರ ಯಾರರ ನಂಬ್ತಾರೇನು? ಕುಂಡ್ರು" ಎಂದರು. ನಂಬುವ ಮಾತು ಆಗ ಅವರ ಬಾಯಿಂದ ಎಷ್ಟು ಹಗುರಾಗಿ ಬಂದಿತ್ತು!

ನಿವೃತ್ತರಾದ ಮೇಲೆ ಅವರು ಬೆಟಗೇರಿಯ ಮನೆಗೆ ಬಂದು ನೆಲೆಸಿದರು. ದಿನಾ ಮುಂಜಾನೆ ನಡೆದುಕೊಂಡು ಯಾರ್ಡಿಗೆ ಬರುತ್ತಿದ್ದರು. ಬಿಳಿ ಅಂಗಿ, ಎದೆಯ ಕಿಸೆಯಲ್ಲಿ ಫೋನು. ಚಹಾದಂಗಡಿಯ ಮುಂದಿನ ಕಲ್ಲಿನ ಮೇಲೆ ಕುಳಿತು, ಫೋನನ್ನು ಕಣ್ಣಿನಿಂದ ದೂರ ಹಿಡಿದು, ಸಾಗರದ ಸುದ್ದಿ ಓದಿ, ಆಮೇಲೆ ಅದನ್ನು ತರಗತಿಯ ಧ್ವನಿಯಲ್ಲೇ ಎಲ್ಲರಿಗೂ ಹೇಳುತ್ತಿದ್ದರು. ಸಾಗರದ ಪಡುವಣ ತುದಿ, ಆಫ್ರಿಕಾ ಕಡೆಯ ನೀರು, ಹೆಚ್ಚು ಕಾಯ್ದ ವರ್ಷ ನಮಗೆ ಮಳೆ ಬಹುಶಃ ಚೊಲೊ. ಮೂಡಣ ತುದಿ, ಇಂಡೋನೇಷ್ಯಾ ಕಡೆ, ಕಾಯ್ದರೆ ನಡುವೆ ಕೈಕೊಡುವ ಭಯ. ಡೀಸೆಲ್ ದರ ಏರಿದರೆ, ಎಣ್ಣೆ ಹಡಗುಗಳು ಹಾಯುವ ಇಕ್ಕಟ್ಟಾದ ಹೊರ್ಮುಜ್ ಜಲಸಂಧಿಯ ಕತೆ: "ನಮ್ಮ ಬೆಟಗೇರಿ ಓಣ್ಯಾಗ ಒಂದು ಎತ್ತು ಅಡ್ಡ ನಿಂತ್ರ ಮದುವಿ ಮೆರವಣಿಗಿ ನಿಂದರತೈತಿ. ಅಲ್ಲಿ ಒಂದು ಹಡಗ ನಿಂತ್ರ ನಿಮ್ಮ ಲಾರಿ ನಿಂದರತಾವು." ತೊಗರಿ ಮೊಜಾಂಬಿಕ್ಕಿನಿಂದ, ಉದ್ದು ಬರ್ಮಾದಿಂದ, ಕಡಲೆ ಆಸ್ಟ್ರೇಲಿಯಾದಿಂದ ಯಾವ ದಾರಿಯಲ್ಲಿ ಬರುತ್ತವೆ ಎಂಬುದನ್ನು ಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸುತ್ತಿದ್ದರು. ನನ್ನನ್ನು ಕಂಡರೆ, "ನಿನ್ನ ಅಂಗಡಿ ಬಾಗಲಾ ಗದಗಿನಾಗ ಇಲ್ಲೋ ತಮ್ಮಾ, ಸಮುದ್ರದಾಗ ಐತಿ" ಎನ್ನುತ್ತಿದ್ದರು.

ತಪ್ಪೂ ಹೇಳುತ್ತಿದ್ದರು. ಒಮ್ಮೆ ಇನ್ನು ಎಂಟು ದಿನ ಮಳೆಯಿಲ್ಲ ಎಂದರು. ಮರುದಿನ ಸಂಜೆಯೇ ಸುರಿದು ಯಾರ್ಡಿನಲ್ಲಿ ಹರವಿದ್ದ ಮೆಣಸಿನಕಾಯಿ ತೊಯ್ದು ಮುದ್ದೆಯಾಯಿತು. "ಸಮುದ್ರ ಹೇಳಿದ್ದು ನಾ ಹೇಳಿದೆ. ಅದು ಮನಸ್ಸು ಬದಲ ಮಾಡಿತು" ಎಂದು ಅವರೇ ಬಗ್ಗಿ ಮೆಣಸಿನಕಾಯಿ ಬಳಿಯಲು ನಿಂತರು.

ಆದರೆ ಯಾರ್ಡು ಅವರನ್ನು ನಂಬದಿದ್ದುದು ಆ ತಪ್ಪಿಗಾಗಿ ಅಲ್ಲ. ನಮ್ಮಲ್ಲಿ ಈಗ ಕಂಪ್ಯೂಟರಿನಲ್ಲಿ ಟೆಂಡರ್ ಬಂದಿದೆ, ದರ ಪರದೆಯ ಮೇಲೆ ಎಲ್ಲರಿಗೂ ಕಾಣುತ್ತದೆ. ಆದರೂ ಹಳೆಯ ವ್ಯಾಪಾರಸ್ಥರ ಒಳಗಿನ ಮಾತು ಇಂದಿಗೂ ಟವೆಲ್ಲಿನ ಕೆಳಗೇ. ಇಬ್ಬರು ಕೈ ಹಿಡಿದು ಮೇಲೊಂದು ಟವೆಲ್ ಹೊದಿಸುತ್ತಾರೆ. ಒಳಗೆ ಬೆರಳು ಹಿಡಿದು ದರ ಹೇಳುತ್ತಾರೆ. ಬಾಯಲ್ಲಿ ಮಾತ್ರ ಮಗಳ ಮದುವೆ, ಮೊಣಕಾಲು ನೋವು. ತಾತ ಮುತ್ತಾತನ ಕಾಲದಿಂದ ಹೀಗೆ ನಡೆದು ನಮ್ಮ ತಲೆಯಲ್ಲಿ ಒಂದು ಮಾತು ಗಟ್ಟಿಯಾಗಿ ಕುಳಿತಿದೆ: ಖರೆ ಮಾತು ಕೈಯಲ್ಲಿರುತ್ತದೆ, ಬಾಯಿಯದು ತೋರಿಕೆ. ಹೀಗಿರುವಲ್ಲಿ ಒಬ್ಬ ಮನುಷ್ಯ ದಿನಾ ಬಂದು, ಪುಕ್ಕಟೆಯಾಗಿ, ಒದರಿ ಹೇಳುತ್ತಾನೆ ಎಂದರೆ ಏನರ್ಥ? ಯಾರೋ ಹೇಳಿಸುತ್ತಿದ್ದಾರೆ ಎಂದೇ ಅರ್ಥ. "ಮಾಸ್ತರಗ ಪಗಾರ ಯಾವ ಅಂಗಡಿಂದ?" ಎಂಬುದು ಯಾರ್ಡಿನ ಖಾಯಂ ಪ್ರಶ್ನೆಯಾಯಿತು. ಹುಬ್ಬಳ್ಳಿಯ ಮಿಲ್ಲಿನವರು ಎಂದು ಕೆಲವರು, ಎದುರಂಗಡಿ ಸಾವಕಾರರು ಎಂದು ಕೆಲವರು. ಸಾವಕಾರರು ಅನುಮಾನ ಪಟ್ಟದ್ದು ನನ್ನ ಮೇಲೆ.

ನನಗೂ ತಡೆಯಲಾಗಲಿಲ್ಲ. ಆಷಾಢದ ಒಂದು ದಿನ ಅವರು ಯಾರ್ಡಿನಿಂದ ಮನೆಗೆ ಹೋಗದೆ ಬಸ್ ಸ್ಟ್ಯಾಂಡಿನ ಕಡೆ ತಿರುಗಿದರು. ನಾನು ಅಂಗಡಿ ಬಿಟ್ಟು ಬೆನ್ನು ಹತ್ತಿದೆ. ಅವರು ಮುಂದಿನ ಬಾಗಿಲಿನಿಂದ ಬಸ್ ಹತ್ತಿದರು, ನಾನು ಹಿಂದಿನಿಂದ. ಡೋಣಿ ಎಂಬ ಊರಿನಲ್ಲಿ ಇಳಿದರು. ಅಲ್ಲಿ ಯಾವ ದೊಡ್ಡ ವ್ಯಾಪಾರಿ ಇದ್ದಾನೆ ಎಂದು ಯೋಚಿಸುತ್ತ ನಾನೂ ಇಳಿದೆ. ಅವರು ಊರೊಳಗೆ ಹೋಗದೆ ಕಪ್ಪತಗುಡ್ಡದ ಕಡೆ ಏರುತ್ತ ಹೋಗಿ, ಗಾಳಿಯಂತ್ರಗಳು ಸದ್ದು ಮಾಡುತ್ತ ತಿರುಗುವ ಒಂದು ದಿನ್ನೆಯ ಮೇಲೆ ಪಡುವಣಕ್ಕೆ ಮುಖ ಮಾಡಿ ಕಣ್ಣು ಮುಚ್ಚಿ ನಿಂತರು. ಅಂಗಿ ಬೆನ್ನ ಹಿಂದೆ ಉಬ್ಬಿಕೊಂಡಿತ್ತು. ನಾನು ಒಂದು ಕಲ್ಲಿನ ಮರೆಯಲ್ಲಿ ಕುಳಿತು, ಈಗ ಯಾರಾದರೂ ಬಂದು ಅವರನ್ನು ಕೂಡುತ್ತಾರೆ ಎಂದು ಕಾಯುತ್ತಿದ್ದೆ. ಯಾರೂ ಬರಲಿಲ್ಲ.

"ಬಾ ತಮ್ಮಾ, ಅಲ್ಲಿ ಗಾಳಿ ಹತ್ತಂಗಿಲ್ಲ" ಎಂದರು ಅವರು, ತಿರುಗದೆಯೇ.

ನಾನು ಎದ್ದು ಹೋದೆ. ಬಸ್ಸಿನಲ್ಲೇ ನನ್ನನ್ನು ನೋಡಿದ್ದರು. ಯಾಕೆ ಬಂದೆ ಎಂದು ಕೇಳಲೂ ಇಲ್ಲ.

"ಈ ಗಾಳಿ ಎಲ್ಲಿಂದ ಹೊಂಟೈತಿ ಗೊತ್ತೇನು? ಮಡಗಾಸ್ಕರ್ ಆಚಿಂದ. ಭೂಮಧ್ಯರೇಖಾ ದಾಟಿ, ಸೋಮಾಲಿಯಾದ ಮಗ್ಗಲಿಗೆ ತಿರುವ ತಗೊಂಡು, ಅರಬ್ಬಿ ಸಮುದ್ರ ಕುಡದು, ಘಟ್ಟದಾಗ ಅರ್ಧಾ ಮಳಿ ಸುರುವಿ, ಉಳದದ್ದು ನಮಗ. ಅದಕ್ಕ ನಮ್ಮ ಪಾಲಿಗೆ ಗಾಳಿ ಹೆಚ್ಚು, ನೀರು ಕಡಿಮಿ. ಆ ಪಂಖಾ ತಿರುಗಾಕ ಹತ್ಯಾವಲ್ಲ, ಅವು ತಿರುಗೋದು ಸಮುದ್ರದ ಜೋರಿಂದ."

"ಇದನ್ನ ಯಾರ್ಡಿನಾಗ ಯಾಕ ಒದರತೀರ್ರಿ ಸರ್? ಯಾರೂ ನಂಬಂಗಿಲ್ಲ" ಎಂದೆ.

ಅವರು ಕಣ್ಣು ತೆರೆದರು. "ಶಾಲ್ಯಾಗ ಎಲ್ಲಾರೂ ಬರದ್ರಿ. ನೀನೂ ಬರದಿ, ಚೊಲೊ ಮಾರ್ಕ್ಸ್ ತಗೊಂಡಿ. ನಂಬಿದವ್ರು ಯಾರು? ಒಬ್ಬಂವ, ಒಬ್ಬಂವರ, 'ಹೌದ್ರಿ ಸರ್, ಸಮುದ್ರ ಹಿಂಗ ಅಂದೈತಿ, ನಾ ಹಂಗ ಮಾಡತೀನಿ' ಅಂದು ಮಾಡಿದ್ದು ನಾ ನೋಡಿಲ್ಲ. ಅದೊಂದು ನೋಡಿ ಹೋಗಬೇಕನಸತೈತಿ." ಇಷ್ಟು ಹೇಳಿ ಬಸ್ಸಿಗೆ ವೇಳೆಯಾಯಿತೆಂದು ಇಳಿಯತೊಡಗಿದರು. ಬಸ್ಸಿನಲ್ಲಿ ನನಗೆ ಅವರೇ ಟಿಕೀಟು ತೆಗೆದರು. ಇಷ್ಟು ಸರಳ ಇರಲಿಕ್ಕಿಲ್ಲ, ಒಳಗೇನೋ ಇದೆ ಎಂದು ನಾನು ಗದಗಿನ ತನಕ ಯೋಚಿಸಿದೆ.

ಆಮೇಲೆ ಒಂದು ಕಡಲೆ ಹಂಗಾಮು ಬಂತು, ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಶುರುವಾದ ಮೇಲಿನದು. ಎರೆ ಭೂಮಿಯ ಕಡಲೆ ಯಾರ್ಡಿಗೆ ಬರತೊಡಗಿತ್ತು. ಅಂತೂರ ಬೆಂತೂರದ ಕಡೆಯ ಟ್ರ್ಯಾಕ್ಟರುಗಳು ಸಾಲಾಗಿ ನಿಂತಿರುತ್ತಿದ್ದವು. ಹೊರದೇಶದ ಹಳದಿ ಬಟಾಣಿ ಹಡಗುಗಟ್ಟಲೆ ಬರುತ್ತದೆ, ಅಗ್ಗದ ಬಟಾಣಿ ಬಂದರೆ ಕಡಲೆ ಬಿದ್ದೇ ಬೀಳುತ್ತದೆ ಎಂಬ ಹೆದರಿಕೆ ಎಲ್ಲರಿಗೂ. ಮಾಸ್ತರರು ಕಲ್ಲಿನ ಮೇಲೆ ಕೂಡದೆ ನಿಂತೇ ಹೇಳುತ್ತಿದ್ದರು: "ಅವಸರ ಮಾಡಬ್ಯಾಡ್ರಿ! ಆ ಬಟಾಣಿ ಬಾಳಷ್ಟು ಕಪ್ಪು ಸಮುದ್ರದ ಕಡಿಂದ ಬರೋದು. ಕೆಂಪು ಸಮುದ್ರದ ದಾರಿ ಬಿಟ್ಟು ಹಡಗ ಆಫ್ರಿಕಾ ಖಂಡಾನ ಸುತ್ತು ಹಾಕಾಕ ಹತ್ಯಾವು. ತಡಾ ಆಗತೈತಿ, ಬಾಡಿಗಿ ಏರತೈತಿ. ಕಡಲಿ ತಡದು ಮಾರ್ರಿ!"

ಜನ ನಕ್ಕರು. ಕಡಲೆ ತಡೆಯಿರಿ ಎಂದು ಇಷ್ಟು ಜೋರಾಗಿ ಹೇಳುತ್ತಾನೆಂದರೆ ಇವನನ್ನು ಕಳಿಸಿದವನು ಕಡಲೆ ಮಾರುತ್ತಿದ್ದಾನೆ ಎಂದು ಸಾವಕಾರರು ಲೆಕ್ಕ ಬಿಡಿಸಿ ಹೇಳಿದರು.

ಒಂದು ಮಧ್ಯಾಹ್ನ ಅವರು ನನ್ನ ಅಂಗಡಿಗೆ ಬಂದು ಗಾದಿಯ ತುದಿಗೆ ಕುಳಿತರು. ಧ್ವನಿ ಬಿದ್ದುಹೋಗಿತ್ತು. "ತಮ್ಮಾ, ಬಾಯಿಲೆ ಹೇಳಿದ್ರ ಇವ್ರು ನಂಬಂಗಿಲ್ಲ. ಕೈಲೆ ಹೇಳಿದ್ರ ನಂಬ್ತಾರಂತ. ಟಾವೆಲ್ ಕೊಡು, ನಿನಗ ಕೈಲೆ ಹೇಳತೀನಿ" ಎಂದರು.

ನನಗೆ ನಗು ಬಂತು. ಹೆಗಲ ಮೇಲಿನ ಟವೆಲ್ ತೆಗೆದು ನಮ್ಮಿಬ್ಬರ ಕೈ ಮೇಲೆ ಹೊದಿಸಿದೆ. ಒಳಗೆ ಅವರ ಕೈ ನನ್ನ ಬೆರಳು ಹುಡುಕಿತು. ಬೆರಳಿನ ಭಾಷೆ ಅವರಿಗೆ ಬರುತ್ತಿರಲಿಲ್ಲ. ಬಂದಿದ್ದರೂ ಅದರಲ್ಲಿ ಇರುವುದು ಬರೀ ದರ. ಸಾಗರಕ್ಕೆ, ಹಡಗಿಗೆ, ಗಾಳಿಗೆ ನಮ್ಮ ಹಿರಿಯರು ಬೆರಳು ಇಟ್ಟಿಲ್ಲ. ಅವರು ನನ್ನ ಇಡೀ ಅಂಗೈ ಹಿಡಿದು ಸುಮ್ಮನೆ ಒತ್ತಿದರು. ಕೈ ಬೆವರಿತ್ತು.

"ಇದಕ್ಕ ಏನಂತೀರಿ ನಿಮ್ಮ ಭಾಷಾದಾಗ?"

"ಏನೂ ಅನ್ನಂಗಿಲ್ರಿ ಸರ್."

ಇಬ್ಬರೂ ನಕ್ಕೆವು. ಅವರು ಎದ್ದು ಹೋದರು.

ಎದುರಂಗಡಿಯ ಕಟ್ಟೆಯ ಮೇಲೆ ಸಾವಕಾರರು ಕುಳಿತಿದ್ದು ನನ್ನ ಲಕ್ಷ್ಯದಲ್ಲಿರಲಿಲ್ಲ. ಅದೇ ಸಂಜೆ ನನ್ನ ಅಂಗಡಿಗೆ ಲಾರಿ ಬಂತು. ನನ್ನ ಗೋದಾಮಿನ ಹಿಂಗೋಡೆಗೆ ಥಂಡಿ ಹಿಡಿದಿತ್ತು, ಕಡಲೆ ಮುಗ್ಗಬಾರದೆಂದು ಹುಬ್ಬಳ್ಳಿಯ ಬೇಳೆ ಮಿಲ್ಲಿಗೆ ಕೊಡಲು ಮೊದಲೇ ಮಾತಾಗಿತ್ತು. ಯಾರ್ಡು ಕಂಡದ್ದು ಇಷ್ಟೇ: ಮಾಸ್ತರ ಟವೆಲ್ಲಿನ ಕೆಳಗೆ ಕೈ ಕೊಟ್ಟ, ಇವನು ಕಡಲೆ ಖಾಲಿ ಮಾಡಿದ. ಎಷ್ಟೋ ವರ್ಷಗಳ ಸಂಶಯ ಒಂದೇ ಏಟಿಗೆ ಖಾತ್ರಿಯಾಯಿತು. ಮರುದಿನ ಸೂರ್ಯ ನೆತ್ತಿಗೆ ಬರುವುದರೊಳಗೆ ಎಲ್ಲರ ಅಂಗಡಿಯ ಮುಂದೆಯೂ ಲಾರಿ. ಎಲ್ಲರಿಗಿಂತ ಮೊದಲು ಸಾವಕಾರರದು. ಅವರ ಗೋದಾಮಿನಲ್ಲಿ ಎಲ್ಲರಿಗಿಂತ ಹೆಚ್ಚು ಕಡಲೆ ಇತ್ತು.

ಟವೆಲ್ಲಿನ ಕೆಳಗೆ ಏನೂ ನಡೆದಿಲ್ಲ ಎಂದು ನಾನು ಹೇಳಿದೆ. ಅಂಗಡಿ ಅಂಗಡಿಗೆ ಹೋಗಿ, ಗೋಡೆಯ ಥಂಡಿಯನ್ನೂ ತೋರಿಸುತ್ತೇನೆ ಬನ್ನಿ ಎಂದೆ. "ಗ್ವಾಡಿ ಥಂಡಿ! ಚೊಲೊ ನೆವಾ ತಗದಿಯಪಾ" ಎಂದರು. ಮಾಸ್ತರರು ಟ್ರ್ಯಾಕ್ಟರುಗಳ ನಡುವೆ ಓಡಾಡಿ, "ನಾ ಕೈಯಾಗ ಏನೂ ಹೇಳಿಲ್ರಿ, ಮಾರಬ್ಯಾಡ್ರಿ" ಎಂದು ಒದರಿದರು. ಅವರು ಒದರಿದಷ್ಟೂ ಜನ ಬೇಗ ಮಾರಿದರು.

ಆಮೇಲೆ ಬಟಾಣಿ ತಡವಾಯಿತು, ಕಡಲೆ ಏರಿತು. ಏರುತ್ತಲೇ ಹೋಯಿತು. ಗೋದಾಮುಗಳಲ್ಲಿ ಕಸಬರಿಗೆ ಆಡಿಸುವ ಸದ್ದು ಬಿಟ್ಟು ಬೇರೇನೂ ಇರಲಿಲ್ಲ.

ಮುಂದಿನದು ಚಹಾದಂಗಡಿಯ ಮುಂದೆ, ಎಲ್ಲರೆದುರು ನಡೆಯಿತು. ಸಾವಕಾರರು ಮಾಸ್ತರರ ಮುಂದೆ ಬಂದು ನಿಂತು, "ಬಾಯಾಗ ಒಂದು, ಕೈಯಾಗ ಒಂದು ಮಾಡಿದ್ರಿ ಮಾಸ್ತರ. ಚೊಲೊ ಮಾಡಲಿಲ್ಲ" ಎಂದರು.

"ಸಾವಕಾರ್ರ, ನನ್ನ ಕೈಯಾಗ ಏನೂ ಇರಲಿಲ್ರಿ. ಬಾಯಾಗ ಇದ್ದದ್ದ ಖರೆ. ದಿನಾ ಹೇಳೀನಲ್ರಿ."

"ಖರೆ ಇದ್ರ ಒದರಿ ಯಾಕ ಹೇಳಿದ್ರಿ? ಖರೆ ಮಾತನ್ನ ಯಾರರ ಒದರತಾರೇನು?"

ಮಾಸ್ತರರು ಅರ್ಧ ಕುಡಿದ ಚಹಾದ ಕಪ್ಪನ್ನು ಕಲ್ಲಿನ ಮೇಲಿಟ್ಟು ಬೆಟಗೇರಿಯ ದಾರಿ ಹಿಡಿದರು. ನನಗೆ ಅವರ ಬಗ್ಗೆ ಅಯ್ಯೋ ಅನ್ನಿಸಿತು, ಸಾವಕಾರರ ಮೇಲೆ ಸಿಟ್ಟು ಬಂತು. ಹಾಗೆಂದು ನನ್ನ ಗುಣ ಬಿಡುತ್ತದೆಯೇ? ಮರುದಿನ ಸ್ನಾನ ಮಾಡುವಾಗ ನನ್ನ ಅಂಗೈ ನೋಡಿಕೊಂಡು, ಅವರು ಒತ್ತಿದ್ದರಲ್ಲಿ ನಿಜವಾಗಿಯೂ ಏನೂ ಇರಲಿಲ್ಲವೇ ಎಂದು ನನಗೂ ಒಂದು ಗಳಿಗೆ ಅನ್ನಿಸಿತು.

ಆಮೇಲೂ ಅವರು ಬರುತ್ತಿದ್ದರು, ಕಲ್ಲಿನ ಮೇಲೆ ಕೂಡುತ್ತಿದ್ದರು. ಮಾತ್ರ ಹೇಳುವುದನ್ನು ಬಿಟ್ಟರು. ಫೋನು ನೋಡಿ ಕಿಸೆಗೆ ಇಡುತ್ತಿದ್ದರು. ಅವರು ಸುಮ್ಮನಾದದ್ದು ಯಾರ್ಡಿಗೆ ಇನ್ನೂ ದೊಡ್ಡ ಸಂಶಯ: ಸುಮ್ಮನಿರಲು ಯಾರು ಕೊಡುತ್ತಿದ್ದಾರೆ? ಒಂದು ಬೇಸಿಗೆಯಲ್ಲಿ ಸಾವಕಾರರೇ ಹತ್ತಿರ ಕುಳಿತು ಮೆತ್ತಗೆ, "ಏನಂತೈತ್ರಿ ಸಮುದ್ರ, ಈ ವರ್ಷ?" ಎಂದು ಕೇಳಿದರು. "ಈ ವರ್ಷ ನನಗ ತಿಳೀವಲ್ದರಿ. ಎರಡೂ ಕಡೆ ಒಂದ ನಮೂನಿ ಐತಿ" ಎಂದರು ಮಾಸ್ತರರು. ಸಾವಕಾರರು ಎದ್ದು ಬರುತ್ತ ನನಗೆ ಕಣ್ಣು ಹೊಡೆದು, "ಗೊತ್ತೈತಿ, ಹೇಳವಲ್ಲ" ಎಂದರು.

ಕೊನೆಯ ಸಲ ನಾನು ಅವರನ್ನು ಕಂಡದ್ದು ಬೆಟಗೇರಿಯ ಮನೆಯಲ್ಲಿ. ಪಕ್ಕದ ಮನೆಯ ಮಗ್ಗ ಸದ್ದು ಮಾಡುತ್ತಿತ್ತು. ಅವರು ಹೊರಸಿನ ಮೇಲೆ ಮಲಗಿದ್ದರು, ಉಸಿರಿಗೆ ತ್ರಾಸಿತ್ತು. ಅವರ ಹೆಂಡತಿ ನನಗೆ ಚಹಾ ತಂದಿಟ್ಟು, "ಮಾತಾಡಸಬ್ಯಾಡ್ರಿ ಬಾಳ" ಎಂದು ಒಳಗೆ ಹೋದರು. ನಾನು ಮಾತಾಡಿಸಲಿಲ್ಲ; ಅವರೇ ಮಾತಾಡಿದರು.

"ಮೂಡಣದ ನೀರು ನೋಡಿದೇನು?"

"ಇಲ್ರಿ ಸರ್."

"ನನಗ ಈಗ ಆ ಸಣ್ಣ ಅಕ್ಷರ ಕಾಣವಲ್ವು. ನೀ ನೋಡು. ನೋಡಿ ಹೇಳು."

"ಆತ್ರಿ, ನಾಳೆ ಬಂದು ಹೇಳತೀನ್ರಿ."

"ನನಗಲ್ಲೋ! ಅಲ್ಲಿ ಹೇಳು, ಯಾರ್ಡಿನಾಗ."

"ನಾ ಹೇಳಿದ್ರ ಯಾರು ಕೇಳ್ತಾರ್ರಿ ಸರ್?"

"ಕೇಳ್ತಾರ. ನಿನ್ನಷ್ಟು ಸಂಶೇದ ಮನಶ್ಯಾ ಗದಗಿನಾಗ ಇಲ್ಲ. ನೀನ ನಂಬಿ ಅಂದ್ರ ಅವ್ರೂ ನಂಬ್ತಾರ." ಇಷ್ಟು ಹೇಳುವುದರಲ್ಲಿ ಅವರಿಗೆ ದಣಿವಾಯಿತು. ನಾನು ಆರಿದ ಚಹಾ ಕುಡಿದು ಎದ್ದು ಬಂದೆ. ನಾಲ್ಕು ದಿನಕ್ಕೆ ಹೋಗಿಬಿಟ್ಟರು.

ಈ ವರ್ಷ ರೋಹಿಣಿ ಮಳೆ ಭರ್ತಿ ಆಗಿದೆ. ಹೆಸರುಕಾಳು ಬಿತ್ತನೆಯಾಗಿದೆ, ನೆಲವೆಲ್ಲ ಹಸಿರು, ಯಾರ್ಡಿನಲ್ಲಿ ಎಲ್ಲರ ಮುಖವೂ ಗೆಲುವಾಗಿದೆ. ಹೊಸ ಹೆಸರು ರಾಶಿ ರಾಶಿ ಬರುತ್ತದೆ ಎಂದು ಹಳೆಯ ಹೆಸರನ್ನು ಬಂದ ದರಕ್ಕೆ ಮಾರುತ್ತಿದ್ದಾರೆ. ಮಾಸ್ತರರ ದಿನಕರ್ಮವೆಲ್ಲ ಮುಗಿದ ಮೇಲೆ ಒಂದು ಮುಂಜಾನೆ, ಅಂಗಡಿಯಲ್ಲಿ ಕುಳಿತಿದ್ದಾಗ, ಫೋನಿನಲ್ಲಿ ಸಾಗರದ ನಕ್ಷೆ ತೆಗೆದೆ. ಮೂಡಣದ ತುದಿ ಕೆಂಪಾಗಿತ್ತು, ಎಂದರೆ ನೀರು ಕಾಯ್ದಿತ್ತು. ಇನ್ನೊಂದು ಕಡೆ ತೆಗೆದು ನೋಡಿದೆ, ಸುಳ್ಳಿರಬಹುದೆಂದು ಮತ್ತೊಂದು ಕಡೆ ನೋಡಿದೆ. ಎಲ್ಲ ಕಡೆಯೂ ಕೆಂಪು. ನನ್ನ ಅಂಗಡಿಯ ಹಳೆಯ ಹೆಸರಿಗೆ ಗಿರಾಕಿ ಬಂದು ನಿಂತಿದ್ದ. ಕೊಡುವುದಿಲ್ಲ ಎಂದು ಕಳಿಸಿದೆ. ಕಳಿಸಿದ ಮೇಲೆ, ನಾನು ಏನು ಮಾಡಿದೆ ಎಂಬುದು ನನಗೆ ತಿಳಿಯಿತು.

ಎದ್ದು ಚಹಾದಂಗಡಿಗೆ ಹೋದೆ. ಅಲ್ಲಿ ಎಲ್ಲರೂ ಇದ್ದರು. ಕಲ್ಲಿನ ಮೇಲೆ ಕೂಡಲು ಮನಸ್ಸಾಗದೆ ಪಕ್ಕದಲ್ಲಿ ನಿಂತೆ. ಕೆಮ್ಮಿ, "ಇಲ್ಲಿ ಕೇಳ್ರಿ. ಸಮುದ್ರದ ಮೂಡಣ ಕಡಿ ನೀರು ಕಾಯಾಕ ಹತ್ತೇತಿ. ಮಳಿ ನಡುವ ಕೈ ಕೊಡಬಹುದು. ಹಳೇ ಹೆಸರು ತಡೀರಿ. ಬಿತ್ತಾವ್ರಿಗೆ ಎಲ್ಲಾ ಹೊಲಕ್ಕ ಒಂದ ಬೆಳಿ ಹಾಕಬ್ಯಾಡ್ರಿ ಅಂತ ಹೇಳ್ರಿ" ಎಂದೆ.

ಚಹಾ ಸೋಸುವವನ ಕೈ ನಿಂತಿತು. ಎಲ್ಲರೂ ನನ್ನನ್ನು ನೋಡಿದರು, ನಾನು ಇಷ್ಟು ವರ್ಷ ಬೇರೆಯವರನ್ನು ನೋಡುತ್ತ ಬಂದ ಕಣ್ಣಿನಿಂದಲೇ. ಸಾವಕಾರರು ನಿಧಾನವಾಗಿ ಚಹಾ ಮುಗಿಸಿ, ತುಟಿ ಒರೆಸಿಕೊಂಡು, "ಮಾಸ್ತರನ ಪಗಾರ ಈಗ ನಿನಗ ಚಾಲೂ ಆತೇನಲೇ?" ಎಂದರು.

ಎಲ್ಲರೂ ನಕ್ಕರು. ತಿರುಗಿ ಅಂಗಡಿಗೆ ಹೋಗಬಹುದಿತ್ತು. ಹೋಗಲಿಲ್ಲ. ಅದೇ ಮಾತನ್ನು ಮತ್ತೆ ಮೊದಲಿನಿಂದ, ಇನ್ನೂ ಜೋರಾಗಿ ಒದರಿ ಹೇಳಿದೆ.